ಅಳತೆ ಪುಸ್ತಕ

ಎದೆ ಮೂವತ್ತಾರು, ಭುಜ ಹದಿನಾಲ್ಕು,
ತೋಳು ಒಂಬತ್ತೂವರೆ, ಹಿಂದೆ ಡೋರಿ ಬೇಕಂತೆ.
ಅದರ ಕೆಳಗೆ, ಅದೇ ನೀಲಿ ಪೆನ್ನಿನಲ್ಲಿ:
ನನಗೊಂದು ಅಂಗಡಿ ಇದೆ.
ನನಗೊಂದು ಅಂಗಡಿ ಇದೆ.
ಇಪ್ಪತ್ತೊಂದು ಸಲ, ಇಪ್ಪತ್ತೊಂದು ರಾತ್ರಿ ಬರೆಯಬೇಕು.

ಹೇಳಿಕೊಟ್ಟವಳು ಉಜ್ವಲಾ, ಪಕ್ಕದ ತಾಂಡೇಲರ ಮನೆಯ ಹುಡುಗಿ.
ಮೊಬೈಲಿನಲ್ಲಿ ಒಬ್ಬಾಕೆ ಹೇಳುತ್ತಾಳಂತೆ,
ಬೇಕು ಅನ್ನಬಾರದು, ಇದೆ ಅನ್ನಬೇಕು.
ಬೇಕು ಅಂದರೆ ಇಲ್ಲ ಅಂತಲೇ ಲೆಕ್ಕ,
ಬ್ರಹ್ಮಾಂಡ ಅದನ್ನೇ ಬರೆದುಕೊಳ್ಳುತ್ತದಂತೆ.
"ಬ್ರಹ್ಮಾಂಡಕ್ಕೆ ಕನ್ನಡ ಬರುತ್ತದೇನೆ?" ಅಂದೆ.
"ಕೊಂಕಣಿಯೂ ಬರುತ್ತದೆ ಅಕ್ಕಾ, ನೀನು ಬರಿ."

ಗುಂಡಿ ಹೊಲಿಯುತ್ತ ರೆಮೆದಿನ್ ನಕ್ಕಳು.
ಹೋದ ವರ್ಷ ಅವಳು ವಾಷಿಂಗ್ ಮಶಿನು ಬರೆದಿದ್ದಳು;
ಮಶಿನಿನ ಬದಲು ಮಡಗಾಂವದಿಂದ ನಾದಿನಿ ಬಂದಳು,
ಮೂರು ಮಕ್ಕಳ ಬಟ್ಟೆಗಂಟಿನ ಸಮೇತ.
"ಮಾಡೆಲ್ ನಂಬರ್ ಬರೆಯಬೇಕಿತ್ತು" ಎಂದಳು ಉಜ್ವಲಾ,
ನಗದೆ.

ನನಗೆ ಇದೇನೂ ಹೊಸತು ಅನಿಸಲಿಲ್ಲ.
ಆಯಿ ಬೈತಖೋಲದಿಂದ ಮೀನಿನ ಬುಟ್ಟಿ ಹೊತ್ತವಳು.
ಹೋಗುತ್ತೇನೆ ಅಂದವಳಲ್ಲ, ಹೋಗಿ ಬರುತ್ತೇನೆ.
ಅವಳ ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು.
ಡಬ್ಬಿಯ ತಳ ಕಂಡ ದಿನವೂ
"ಅಕ್ಕಿ ಹೆಚ್ಚಿದೆ, ತರಬೇಕು" ಅನ್ನುವಳು.
ಮುಸ್ಸಂಜೆ ಬಾಯಿ ಜಾರಿ ನಾನು
ಸುಟ್ಟು ಹೋಗಲಿ ಈ ಶಾಲೆ ಅಂದರೆ
ಕೆನ್ನೆಗೆ ತಟ್ಟಿ, "ಬಿಡ್ತು ಅನ್ನು, ಬೇಗ ಬಿಡ್ತು ಅನ್ನು,
ಅಸ್ತು ದೇವತೆಗಳು ತಿರುಗುವ ಹೊತ್ತು,
ಅಂದದ್ದಕ್ಕೆಲ್ಲ ಅಸ್ತು ಅಂದುಬಿಡುತ್ತಾರೆ."

ಹಾಗೆ ಜನ್ಮವಿಡೀ ಒಳ್ಳೆಯದನ್ನೇ ಆಡಿದ ಬಾಯಿಗೆ
ಅರ್ಗಾದ ಮನೆ ಬಿಡಿ ಅಂತ ನೋಟಿಸು ಬಂತು.
ನೌಕಾನೆಲೆಗೆ ಜಾಗ ಬೇಕು.
ಬೇಕು ಅಂತಲೇ ಬರೆದಿತ್ತು ಅದರಲ್ಲಿ, ಠಸ್ಸೆ ಒತ್ತಿ.
ಬೇಕು ಅಂದವರಿಗೆ ಸಿಕ್ಕಿತು.
ಆ ಸಂಜೆ ಅಸ್ತು ದೇವತೆಗಳು ಯಾವ ಕೇರಿಯಲ್ಲಿದ್ದರೋ.
ಹೊಸ ಮನೆಯಲ್ಲೂ ಆಯಿ ದೀಪ ಆರಿಸಲಿಲ್ಲ, ಶಾಂತ ಮಾಡಿದಳು.
ಅದು ನಂಬಿಕೆಯೋ ಹಟವೋ
ನನಗೆ ಈಗಲೂ ಹೊಳೆದಿಲ್ಲ.

ಆದರೂ ಬರೆದೆ. ಮೊದಲ ರಾತ್ರಿ ಕದ್ದಂತೆ,
ಗಂಡ ಮಗ್ಗುಲು ಬದಲಿಸಿದರೆ ಕೈ ಅಡ್ಡ ಇಟ್ಟು.
ಆರನೆಯ ರಾತ್ರಿಗೆ ಅಕ್ಷರ ದುಂಡಗಾಯಿತು.
ಒಂಬತ್ತಕ್ಕೆ ಅಂಗಡಿಗೊಂದು ಕಿಟಕಿ ಬಂತು, ತಾನಾಗಿ.
ಹನ್ನೊಂದಕ್ಕೆ ನಿಲುಗನ್ನಡಿ, ಎರಡು ಸ್ಟೂಲು.
ಹನ್ನೆರಡು ತಪ್ಪಿತು, ಮಗಳಿಗೆ ಜ್ವರ.

ಹದಿನೇಳನೆಯ ದಿನ ಕೋಡಿಬಾಗದ ಬಸ್ ಸ್ಟಾಪಿನಲ್ಲಿ
ರೇಷ್ಮೆ ಕಣದ ಪೊಟ್ಟಣ ಹಿಡಿದ ಒಬ್ಬರು ಕೇಳಿದರು,
"ನಿಮ್ಮ ಅಂಗಡಿ ಎಲ್ಲಿ?"
"ಕಾಜುಬಾಗ, ಔಷಧಿ ಅಂಗಡಿ ಪಕ್ಕ, ಹಸಿರು ಶಟರು"
ಅಂದುಬಿಟ್ಟಿತು ಬಾಯಿ.
ಕಾಳಿಯ ನೀರು ಕೆಂಪಾಗುತ್ತಿತ್ತು.
ಸರಿಯಾಗಿ ಮುಸ್ಸಂಜೆ.
ಕೈ ತಾನೇ ಕೆನ್ನೆಯವರೆಗೆ ಬಂತು.
ಬಿಡ್ತು ಅನ್ನಲಿಲ್ಲ.

ಮರುದಿನ ಹೋಗಿ ನೋಡಿದೆ. ಶಟರು ಹಸಿರಲ್ಲ, ತುಕ್ಕು.
ಬಾಡಿಗೆ ಕೇಳಿ ನಾಲಿಗೆ ಒಣಗಿತು.
ಅಡ್ವಾನ್ಸಿಗೆ ಸಂಘದ ಸಾಲ, ಒಂದು ಜೊತೆ ಬೆಂಡೋಲೆ,
ಉಳಿದ ಹದಿನೆಂಟು ಸಾವಿರ ಎಲ್ಲಿಂದ,
ಬ್ರಹ್ಮಾಂಡ ಹೇಳಲಿಲ್ಲ.
ಮಾಲೀಕರು ಬೀಗದ ಕೈ ಹುಡುಕಲು ಒಳಗೆ ಹೋದಾಗ
ಕೊರಳಿನ ಟೇಪು ತೆಗೆದು ಅಳೆದೆ.

ಎದೆ ಮೂವತ್ತೆಂಟು, ಭುಜ ಹದಿನಾಲ್ಕೂವರೆ.
ಅದರ ಕೆಳಗೆ:
ಶಟರು, ಅಗಲ ಎಂಬತ್ತೆಂಟು.
ಬೆಳೆಯುವ ಹುಡುಗಿಯರ ರವಿಕೆಗೆ ಬಿಡುವ ಹಾಗೆ
ಒಳಗೆ ಎರಡಿಂಚು ಬಿಟ್ಟಿದ್ದೇನೆ.